ಯಾರು ಬಂದ್ರು, ಯಾವತ್ತು ಬರ್ತೀರಿ?

ನಮ್ಮ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ಕಾಲೇಜಿನಲ್ಲಿ ಪ್ರತಿ ತಿಂಗಳ ಕೊನೆಗೆ ಎರಡು ಹಾಳೆ ತಯಾರಾಗುತ್ತವೆ. ಒಂದರಲ್ಲಿ ಸಿಬ್ಬಂದಿಯ ಸುದ್ದಿ: ಯಾರು ಹೊಸದಾಗಿ ಸೇರಿದರು, ಯಾರಿಗೆ ಬಡ್ತಿ ಆಯಿತು, ಯಾರು ನಿವೃತ್ತರಾದರು, ಯಾರ ಪ್ರಬಂಧ ಎಲ್ಲಿ ಅಚ್ಚಾಯಿತು. ಇನ್ನೊಂದರಲ್ಲಿ ಮುಂದಿನ ಕಾರ್ಯಕ್ರಮಗಳು: ಯಾವ ದಿನಾಚರಣೆ, ಎಲ್ಲಿ ಶಿಬಿರ, ಯಾರ ಉಪನ್ಯಾಸ. ಇವನ್ನು ಬರೆಯುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಇಷ್ಟಪಟ್ಟೇ ಮಾಡುತ್ತೇನೆ.

ಕಾಲೇಜಿನೊಳಗೆ ಈ ಹಾಳೆಗಳನ್ನು ಪೂರ್ತಿ ಓದುವವರು ಕಡಿಮೆ. ತಮ್ಮ ಹೆಸರು ಇದೆಯಾ ಅಂತ ನೋಡಿ ಮುಂದೆ ಹೋಗುತ್ತಾರೆ. ಅದು ಸಹಜ. ಆದರೆ ನಾವು ಕೆಲಸ ಮಾಡುವ ಹಳ್ಳಿಗಳಲ್ಲಿ ಜನ ನಮ್ಮನ್ನು ಕಂಡ ಕೂಡಲೇ ಕೇಳುವುದು ಇದೇ ಎರಡು ವಿಷಯ. ‘ಮೊದ್ಲಿದ್ದ ಮೇಡಂ ಹೋದ್ರಂತಲ್ಲ, ಈಗ ಯಾರು ಬಂದ್ರು?’ ಆಮೇಲೆ, ‘ಮತ್ತೆ ಯಾವತ್ತು ಬರ್ತೀರಿ?’ ನಮ್ಮ ಡಿಗ್ರಿ ಯಾವುದು, ಕಾಲೇಜಿಗೆ ಯಾವ ದರ್ಜೆಯ ಮಾನ್ಯತೆ ಸಿಕ್ಕಿದೆ ಅನ್ನುವುದು ಅವರಿಗೆ ಬೇಕಿಲ್ಲ. ಗೊತ್ತಿರುವ ಮುಖ ಬೇಕು, ಗೊತ್ತಿರುವ ದಿನ ಬೇಕು. ಸಾರ್ವಜನಿಕ ಆರೋಗ್ಯದ ಕಾಲೇಜೊಂದು ತನ್ನ ಸಿಬ್ಬಂದಿಯ ಸುದ್ದಿಯನ್ನೂ ಕಾರ್ಯಕ್ರಮಗಳ ಪಟ್ಟಿಯನ್ನೂ ಈ ಪ್ರಶ್ನೆಗಳಿಗೆ ಉತ್ತರ ಕೊಡುವ ಹಾಗೆ ಬರೆಯಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ಅದು ಬರೀ ಬರವಣಿಗೆಯ ವಿಷಯವಲ್ಲ. ಹಾಗೆ ಬರೆಯಲು ಹೊರಟರೆ ಕೆಲಸ ಮಾಡುವ ರೀತಿಯೇ ಬದಲಾಗಬೇಕಾಗುತ್ತದೆ.

ಈ ತಿಂಗಳ ಸಿಬ್ಬಂದಿ ಸುದ್ದಿ ಚಿಕ್ಕದು. ಒಬ್ಬ ಸಹಾಯಕ ಪ್ರಾಧ್ಯಾಪಕರು ತಮ್ಮ ಊರಿನ ಹತ್ತಿರದ ಕಾಲೇಜಿಗೆ ಹೋದರು. ಸಂಖ್ಯಾಶಾಸ್ತ್ರಕ್ಕೆ ಹೊಸಬರು ಬಂದಿದ್ದಾರೆ. ಇಬ್ಬರು ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ) ವಿದ್ಯಾರ್ಥಿಗಳ ಪ್ರಬಂಧಕ್ಕೆ ಒಪ್ಪಿಗೆ ಸಿಕ್ಕಿದೆ. ಇವೆಲ್ಲ ಸಂತೋಷದ ವಿಷಯಗಳೇ. ಆದರೆ ನನಗೆ ದೊಡ್ಡದು ಅನ್ನಿಸಿದ್ದು ಬೇರೆ ಒಂದು ಸಾಲು. ನಮ್ಮ ಗ್ರಾಮೀಣ ಆರೋಗ್ಯ ತರಬೇತಿ ಕೇಂದ್ರದ ಆರೋಗ್ಯ ಸಹಾಯಕಿ ನಿವೃತ್ತರಾಗುತ್ತಿದ್ದಾರೆ. ಕಾಗದದಲ್ಲಿ ಅವರ ಹುದ್ದೆಗೆ ಉದ್ದದ ಹೆಸರಿದೆ. ಹಳ್ಳಿಯಲ್ಲಿ ಅವರು ನರ್ಸಮ್ಮ, ಅಷ್ಟೇ.

ಈ ನರ್ಸಮ್ಮನಿಗೆ ಏನೆಲ್ಲ ಗೊತ್ತು ಅಂತ ಬರೆಯಲು ಕೂತರೆ ಹಾಳೆ ಸಾಲುವುದಿಲ್ಲ. ಯಾವ ಮನೆಯ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ ಅಂತ ಗೊತ್ತು. ಆ ಹುಡುಗಿಯ ತಾಯಿ ಕಾರ್ಡ್ ಇರುವುದು ಗಂಡನ ಊರಿನಲ್ಲಿ. ಮಗು ಹುಟ್ಟಿದ್ದು ಇಲ್ಲಿ. ಆ ಊರಿನ ರಿಜಿಸ್ಟರ್‌ನಲ್ಲೂ ಮಗು ಇರುವುದಿಲ್ಲ, ಈ ಊರಿನದರಲ್ಲೂ ಇರುವುದಿಲ್ಲ. ಗುರುವಾರದ ಲಸಿಕೆ ತಪ್ಪಿಹೋಗುವುದು ಇಂಥ ಮಕ್ಕಳಿಗೇ ಜಾಸ್ತಿ. ಕುರಿ ಹೊಡೆದುಕೊಂಡು ಹೋಗುವ ಮನೆಗಳು ಯಾವ ತಿಂಗಳು ವಾಪಸ್ ಬರುತ್ತವೆ ಅಂತ ಅವರಿಗೆ ಗೊತ್ತು. ಇಟ್ಟಿಗೆ ಗೂಡಿಗೆ ಈ ಸಲ ಎಲ್ಲಿಂದ ಜನ ಬಂದಿದ್ದಾರೆ, ಅವರ ಜೊತೆ ಎಷ್ಟು ಕೂಸುಗಳಿವೆ ಅಂತ ಗೊತ್ತು. ಬಿಪಿ ಮಾತ್ರೆ ತೆಗೆದುಕೊಂಡು ಹೋಗಿ ಡಬ್ಬಿಯಲ್ಲಿ ಕೂಡಿಡುವ ಅಜ್ಜ ಯಾರು, ಸೊಸೆಗೆ ಏನಾದರೂ ಹೇಳಬೇಕಾದರೆ ಮೊದಲು ಅತ್ತೆಯ ಹತ್ತಿರ ಕೂತು ಎಲೆ ಅಡಿಕೆ ಹಾಕಿಕೊಳ್ಳಬೇಕಾದ ಮನೆ ಯಾವುದು, ಯಾವ ಮನೆಯಲ್ಲಿ ಮಗನ ಮಾತೇ ಎತ್ತಬಾರದು, ಎಲ್ಲ ಗೊತ್ತು.

ನಿವೃತ್ತಿಗೆ ಮೊದಲು ಚಾರ್ಜ್ ಕೊಡುವುದು ಅಂತ ಒಂದು ಕ್ರಮವಿದೆ. ಲಸಿಕೆಯ ಫ್ರಿಜ್, ಲಸಿಕೆ ಒಯ್ಯುವ ಡಬ್ಬಿ, ಬಿಪಿ ನೋಡುವ ಯಂತ್ರ, ಕೂಸಿನ ತೂಕದ ತಕ್ಕಡಿ, ರಿಜಿಸ್ಟರ್‌ಗಳು. ಒಂದೊಂದನ್ನೂ ಎಣಿಸಿ ಸಹಿ ಹಾಕುತ್ತಾರೆ. ಇಷ್ಟು ವರ್ಷ ಅವರ ತಲೆಯಲ್ಲಿ ಕೂಡಿಕೊಂಡಿದ್ದಕ್ಕೆ ಮಾತ್ರ ಪಟ್ಟಿಯಲ್ಲಿ ಜಾಗವಿಲ್ಲ. ಸಂಜೆ ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆದು ಕಳಿಸುತ್ತೇವೆ. ಮಾರನೇ ದಿನದಿಂದ ಹೊಸಬರು ಎಲ್ಲವನ್ನೂ ಮೊದಲಿಂದ ಶುರು ಮಾಡಬೇಕು. ಆ ಮಧ್ಯದ ತಿಂಗಳುಗಳಲ್ಲಿ ಎಷ್ಟು ಕೂಸುಗಳಿಗೆ ಲಸಿಕೆ ತಪ್ಪುತ್ತದೆ, ಎಷ್ಟು ಜನ ಮಾತ್ರೆ ಬಿಡುತ್ತಾರೆ ಅನ್ನುವುದು ಯಾವ ಲೆಕ್ಕಕ್ಕೂ ಬರುವುದಿಲ್ಲ. ನನ್ನ ಮಟ್ಟಿಗೆ ಇದು ದೊಡ್ಡ ನಷ್ಟ. ಕಟ್ಟಡ ಸೋರಿದರೆ ಎಂಜಿನಿಯರನ್ನು ಕರೆಸುತ್ತೇವೆ. ಇದಕ್ಕೆ ಯಾರನ್ನೂ ಕರೆಸುವುದಿಲ್ಲ.

ಈ ಸಲ ಬೇರೆ ರೀತಿ ಆಯಿತು. ಅದಕ್ಕೆ ಕಾರಣ ಆ ನರ್ಸಮ್ಮನೇ. ‘ಚಾರ್ಜ್ ಕೊಡೋದು ಆಫೀಸಲ್ಲಲ್ಲ ಮೇಡಂ, ಮನೆ ಮನೆಗೆ ಹೋಗಿ ಕೊಡ್ತೀನಿ’ ಅಂದರು. ಅವರ ಜಾಗಕ್ಕೆ ಬರುವ ಹುಡುಗಿ ಮೊದಲೇ ಸೇರಿದ್ದಳು, ಅದು ನಮ್ಮ ಪುಣ್ಯ. ಇಬ್ಬರೂ ಬೆಳಗ್ಗೆ ಹೊರಟು ಬೀದಿ ಬೀದಿ ತಿರುಗಿದರು. ಪ್ರತಿ ಮನೆಯ ಜಗಲಿಯಲ್ಲೂ ಅದೇ ಮಾತು: ‘ಇನ್ಮೇಲೆ ಇವಳೇ ನಿಮ್ಮ ನರ್ಸಮ್ಮ. ನನ್ನ ಹತ್ರ ಹೇಳ್ತಿದ್ದದ್ದನ್ನೆಲ್ಲ ಇವಳ ಹತ್ರ ಹೇಳಿ.’ ಒಬ್ಬ ಅಜ್ಜಿ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, ‘ಯಾವೂರವಳೇ ತಾಯಿ ನೀನು?’ ಅಂತ ಕೇಳಿ, ಊರು, ಅಪ್ಪನ ಹೆಸರು, ಮದುವೆ ಎಲ್ಲ ವಿಚಾರಿಸಿ, ಆಮೇಲೆ ತನ್ನ ಸಕ್ಕರೆ ಕಾಯಿಲೆಯ ಕಾರ್ಡ್ ತಂದು ಕೈಗೆ ಕೊಟ್ಟರು. ಅಲ್ಲಿಗೆ ಆ ಮನೆಯ ಚಾರ್ಜ್ ಮುಗಿಯಿತು.

ಇದನ್ನು ನಾವು ಕ್ರಮವನ್ನಾಗಿ ಮಾಡಿಕೊಳ್ಳಬೇಕು. ಹಳಬರು ಹೋಗುವ ಮೊದಲೇ ಹೊಸಬರು ಸೇರಬೇಕು, ಇಬ್ಬರೂ ಜೊತೆಯಲ್ಲಿ ಹಳ್ಳಿ ತಿರುಗಲು ಸಮಯ ಸಿಗಬೇಕು. ಅದಕ್ಕೆ ಒಂದೆರಡು ತಿಂಗಳ ಸಂಬಳ ಹೆಚ್ಚು ಕೊಡಬೇಕಾಗಬಹುದು. ನಾವು ವರ್ಷಕ್ಕೊಮ್ಮೆ ನಡೆಸುವ ಸಮ್ಮೇಳನದ ಬ್ಯಾಗು, ಊಟ, ಬ್ಯಾನರ್‌ಗೆ ಆಗುವ ಖರ್ಚಿನ ಮುಂದೆ ಅದು ಏನೂ ಅಲ್ಲ. ನಿವೃತ್ತಿಯ ಸುದ್ದಿಯನ್ನೂ ನಾನು ಈ ತಿಂಗಳು ಬೇರೆ ಥರ ಬರೆದಿದ್ದೇನೆ. ‘ಇಷ್ಟು ವರ್ಷ ಸೇವೆ ಸಲ್ಲಿಸಿದರು’ ಅನ್ನುವ ಸಾಲಿನ ಕೆಳಗೆ ಯಾವ ಯಾವ ಹಳ್ಳಿ ಅವರದಾಗಿತ್ತು, ಈಗ ಅದನ್ನು ಯಾರು ನೋಡಿಕೊಳ್ಳುತ್ತಾರೆ, ಆ ಹುಡುಗಿ ಯಾವ ದಿನ ಯಾವ ಅಂಗನವಾಡಿಯಲ್ಲಿ ಸಿಗುತ್ತಾಳೆ ಅಂತ ಸೇರಿಸಿದ್ದೇನೆ. ಮನೆಗಳ ಒಳಗಿನ ಮಾತು ಅದರಲ್ಲಿ ಬರುವುದಿಲ್ಲ, ಬರಲೂಬಾರದು. ಅದು ಇಬ್ಬರ ನಡುವೆ ಬಾಯಿಂದ ಕಿವಿಗೆ ಹೋಗಬೇಕಾದದ್ದು.

ಸಿಬ್ಬಂದಿ ಪಟ್ಟಿಯಲ್ಲಿ ಇನ್ನೊಂದು ಸಾಲು ನನ್ನನ್ನು ಕಾಡುತ್ತಿದೆ. ‘ವೈದ್ಯಕೀಯ ಸಮಾಜ ಕಾರ್ಯಕರ್ತರು: ಖಾಲಿ.’ ಬಹಳ ದಿನದಿಂದ ಹಾಗೇ ಇದೆ. ಡಾಕ್ಟರ್ ಹುದ್ದೆ ಖಾಲಿ ಇದ್ದರೆ ಎಲ್ಲರೂ ಓಡಾಡುತ್ತಾರೆ, ತಪಾಸಣೆಗೆ ಬಂದವರು ಕೇಳುತ್ತಾರೆ ಅನ್ನುವ ಭಯ. ಸಮಾಜ ಕಾರ್ಯಕರ್ತರ ಕುರ್ಚಿ ಖಾಲಿ ಇದ್ದರೆ ಅದರ ಮೇಲೆ ಫೈಲ್ ಇಡುತ್ತಾರೆ. ಆ ಕುರ್ಚಿಯಲ್ಲಿ ಕೂತವರು ಏನು ಮಾಡಬಲ್ಲರು ಅನ್ನುವುದಕ್ಕೆ ನಮ್ಮ ನೆಲದಲ್ಲೇ ನಡೆದ ಒಂದು ದೊಡ್ಡ ಕಥೆ ಇದೆ. ವಿದ್ಯಾರ್ಥಿಗಳಿಗೆ ನಾನು ಇದನ್ನು ಪ್ರತಿ ವರ್ಷ ಹೇಳುತ್ತೇನೆ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಬಳ್ಳಾರಿ ರಸ್ತೆಯ ಅವಲಾನ್ ಅನ್ನುವ ಬಂಗಲೆಯಲ್ಲಿ. ಮಾರನೇ ವರ್ಷದ ಸೆಪ್ಟೆಂಬರ್‌ನಲ್ಲಿ ನೆಹರೂ ಬಂದು ಉದ್ಘಾಟನೆ ಮಾಡಿದರು. ಕ್ಷಯಕ್ಕೆ ಸ್ಯಾನಟೋರಿಯಂ ಅನ್ನುವ ಕ್ಷಯದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿಸಿಯೇ ಚಿಕಿತ್ಸೆ ಕೊಡಬೇಕಿಲ್ಲ, ಮನೆಯಲ್ಲಿದ್ದುಕೊಂಡು ಔಷಧ ತೆಗೆದುಕೊಂಡರೂ ಅಷ್ಟೇ ಗುಣವಾಗುತ್ತದೆ ಅಂತ ಮದರಾಸಿನ ಪ್ರಯೋಗ ಆಗಷ್ಟೇ ತೋರಿಸಿಕೊಟ್ಟಿತ್ತು. ಈಗ ಉಳಿದ ಪ್ರಶ್ನೆ, ಹಳ್ಳಿಯಲ್ಲಿರುವ ರೋಗಿಗಳನ್ನು ಹುಡುಕುವುದು ಹೇಗೆ? ಹಳ್ಳಿಯ ಜನಕ್ಕೆ ಕಾಯಿಲೆಯ ತಿಳಿವಳಿಕೆ ಇಲ್ಲ, ತಾವಾಗಿ ಬರುವುದಿಲ್ಲ, ಎಕ್ಸ್‌ರೇ ಗಾಡಿ ತೆಗೆದುಕೊಂಡು ನಾವೇ ಹೋಗಬೇಕು ಅಂತ ಬಹಳ ಜನ ನಂಬಿದ್ದರು.

ಆ ಸಂಸ್ಥೆಯ ಸಿಬ್ಬಂದಿಯನ್ನು ನೋಡಿ. ಕ್ಷಯದ ಡಾಕ್ಟರುಗಳ ಜೊತೆ ಸಾಂಕ್ರಾಮಿಕ ರೋಗ ತಜ್ಞರು, ಸೂಕ್ಷ್ಮಾಣು ತಜ್ಞರು, ಸಂಖ್ಯಾಶಾಸ್ತ್ರಜ್ಞರು ಇದ್ದರು. ಸಮಾಜಶಾಸ್ತ್ರದ ಕಡೆಯಿಂದ ದೇಬಬರ್ ಬ್ಯಾನರ್ಜಿ ಇದ್ದರು. ಅವರೂ ಡಾಕ್ಟರೇ, ಆದರೆ ಮಾನವಶಾಸ್ತ್ರ ಕಲಿತವರು. ಬ್ಯಾನರ್ಜಿ ಮತ್ತು ಅದೇ ಸಂಸ್ಥೆಯಲ್ಲಿದ್ದ ಸ್ಟಿಗ್ ಆಂಡರ್ಸನ್ ಸೇರಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಇದೆ ಅಂತ ಪರೀಕ್ಷೆಯಲ್ಲಿ ಗೊತ್ತಾದವರನ್ನು ಮಾತಾಡಿಸಿದರು. ನಿಮಗೆ ಏನು ತೊಂದರೆ ಇತ್ತು, ಅದಕ್ಕೆ ಏನು ಮಾಡಿದಿರಿ ಅಂತ ಕೇಳಿದರು. ಬಹುತೇಕ ಎಲ್ಲರಿಗೂ ತಮಗೆ ಏನೋ ಆಗಿದೆ ಅಂತ ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿ ಬಂದಿದ್ದರು. ಹೆಚ್ಚಿನವರಿಗೆ ಕ್ಷಯ ಇದೆ ಅಂತ ಅಲ್ಲಿ ಕಂಡುಹಿಡಿದಿರಲಿಲ್ಲ. ಕೆಮ್ಮಿನ ಔಷಧದ ಬಾಟ್ಲಿ ಕೊಟ್ಟು ಕಳಿಸಿದ್ದರು.

1963ರಲ್ಲಿ ಈ ಅಧ್ಯಯನ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಯಿತು. ನನಗೆ ಅದನ್ನು ಓದಿದಾಗಲೆಲ್ಲ ಮೈ ಜುಂ ಅನ್ನುತ್ತದೆ. ಜನ ಬಂದಿದ್ದರು. ಕೊರತೆ ಇದ್ದದ್ದು ಮೇಜಿನ ಈಚೆ ಕಡೆ. ಹಾಗಾದರೆ ಮೊದಲು ಆಗಬೇಕಾದ ಕೆಲಸ ಇಷ್ಟೇ: ಕೆಮ್ಮು ಅಂತ ಬಂದವರ ಕಫವನ್ನು ಹತ್ತಿರದ ಆಸ್ಪತ್ರೆಯಲ್ಲೇ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಬೇಕು. 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ನಿಂತದ್ದು ಈ ತಿಳಿವಳಿಕೆಯ ಮೇಲೆ. ಹೀಗೆ ಕೇಳಬೇಕು ಅಂತ ಹೊಳೆಯಲು ಸಿಬ್ಬಂದಿಯಲ್ಲಿ ಜನರ ಹತ್ತಿರ ಕೂತು ಮಾತಾಡುವುದನ್ನು ಕಲಿತ ಒಬ್ಬರು ಬೇಕಾಗಿತ್ತು.

ಅದೇ ಕಾಲದ ಇನ್ನೊಂದು ಸಿಬ್ಬಂದಿ ಸುದ್ದಿ. ಡೆನ್ಮಾರ್ಕಿನ ಹಾಫ್‌ಡನ್ ಮಾಹ್ಲರ್ 1951ರಿಂದ ಭಾರತದ ಕ್ಷಯ ಕಾರ್ಯಕ್ರಮದ ಜೊತೆ ವಿಶ್ವ ಆರೋಗ್ಯ ಸಂಸ್ಥೆಯ ಕಡೆಯಿಂದ ಕೆಲಸ ಮಾಡಿದವರು. ಬೆಂಗಳೂರಿನ ಈ ಸಂಸ್ಥೆಯನ್ನು ಕಟ್ಟುವಾಗಲೂ ಇದ್ದರು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಕೇಂದ್ರ ಕಚೇರಿ ಇರುವ ಜಿನೀವಾಕ್ಕೆ ಹೋದರು. 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿದ್ದರು. ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಸಿಗಬೇಕು ಅಂತ 1978ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಅಲ್ಮಾ ಅಟಾದಲ್ಲಿ ಘೋಷಣೆ ಹೊರಬಂದದ್ದು ಅವರ ಕಾಲದಲ್ಲೇ. ಬೆಂಗಳೂರು, ತುಮಕೂರಿನ ಅನುಭವವನ್ನು ಕಂಡ ಕಣ್ಣುಗಳು ಆ ಸಭೆಯಲ್ಲಿದ್ದವು ಅಂತ ನೆನೆಸಿಕೊಂಡರೆ ನನಗೆ ಹೆಮ್ಮೆ ಆಗುತ್ತದೆ.

ಇನ್ನು ಕಾರ್ಯಕ್ರಮಗಳ ಪಟ್ಟಿಗೆ ಬರುತ್ತೇನೆ.

ಸಾರ್ವಜನಿಕ ಆರೋಗ್ಯದ ಕಾಲೇಜಿನ ವರ್ಷ ಅಂದರೆ ದಿನಾಚರಣೆಗಳ ಸಾಲು. ಡಿಸೆಂಬರ್ 1 ಏಡ್ಸ್ ದಿನ, ಮಾರ್ಚ್ 24 ಕ್ಷಯ ದಿನ, ಏಪ್ರಿಲ್ 7 ವಿಶ್ವ ಆರೋಗ್ಯ ದಿನ, ಮೇ 31 ತಂಬಾಕು ರಹಿತ ದಿನ, ಆಗಸ್ಟ್ ಮೊದಲ ವಾರ ಎದೆಹಾಲಿನ ಸಪ್ತಾಹ, ಸೆಪ್ಟೆಂಬರ್ 28 ರೇಬೀಸ್ ದಿನ. ಪ್ರತಿ ದಿನಕ್ಕೂ ಜಾಥಾ, ಫಲಕ, ಭಾಷಣ, ಪ್ರಬಂಧ ಸ್ಪರ್ಧೆ. ಇವನ್ನು ನಾನು ಕಡೆಗಣಿಸುವುದಿಲ್ಲ. ಎಷ್ಟೋ ವಿದ್ಯಾರ್ಥಿಗಳು ಮೊದಲ ಸಲ ಹಳ್ಳಿಯ ಬೀದಿಯಲ್ಲಿ ಕಾಲಿಡುವುದು ಜಾಥಾದಲ್ಲೇ. ಒಂದೊಂದು ದಿನಕ್ಕೂ ಅದರದೇ ಚರಿತ್ರೆ ಇದೆ. ಕ್ಷಯಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ಕಂಡುಹಿಡಿದೆ ಅಂತ ರಾಬರ್ಟ್ ಕಾಕ್ ಬರ್ಲಿನ್‌ನಲ್ಲಿ ಹೇಳಿದ್ದು 1882ರ ಮಾರ್ಚ್ 24ರಂದು. ಅದನ್ನು ಮಕ್ಕಳಿಗೆ ಹೇಳಬೇಕಾದದ್ದೇ.

ನನ್ನ ತಕರಾರು ಬೇರೆ. ಕಾಯಿಲೆಗಳು ಜಿನೀವಾದ ಕ್ಯಾಲೆಂಡರ್ ನೋಡಿಕೊಂಡು ಬರುವುದಿಲ್ಲ. ಒಂದೊಂದು ಸೀಮೆಗೂ ಅದರದೇ ಕಾಯಿಲೆಯ ಕಾಲ ಇರುತ್ತದೆ. ಆ ಕಾಲ ಶುರುವಾಗುವ ಮೊದಲೇ ನಾವು ಅಲ್ಲಿರಬೇಕು.

ನಾನು ಹುಟ್ಟಿದ್ದು ಮಲೆನಾಡಿನಲ್ಲಿ. ನಮ್ಮ ಕಡೆ ಇದನ್ನು ಯಾರೂ ಪಾಠ ಮಾಡಿ ಹೇಳಬೇಕಾಗಿಲ್ಲ. ಭತ್ತದ ಕೊಯ್ಲು ಮುಗಿದು, ಕಾಡು ಒಣಗಲು ಶುರುವಾದರೆ ಮಂಗನ ಕಾಯಿಲೆಯ ಕಾಲ ಬಂತು ಅಂತಲೇ ಲೆಕ್ಕ. ಡಿಸೆಂಬರ್‌ನಿಂದ ಮೇವರೆಗೆ. ಈ ಕಾಯಿಲೆ ಹರಡುವ ಉಣ್ಣೆ ಅನ್ನುವ ರಕ್ತ ಹೀರುವ ಹುಳದ ಮರಿಗಳು ತರಗೆಲೆಯಲ್ಲಿ ಹರಿದಾಡುವುದು ಆಗ. ಜನ ದರಗು ಗುಡಿಸಲು, ಸೊಪ್ಪು ಕಡಿಯಲು, ಸೌದೆ ತರಲು ಕಾಡಿಗೆ ಹೋಗುವುದೂ ಆಗಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಮಂಗವೂ ಸಾಯುತ್ತಿದೆ, ಮನುಷ್ಯರಿಗೂ ಜ್ವರ ಅಂದಾಗ ಆಫ್ರಿಕಾದ ಹಳದಿ ಜ್ವರ ಭಾರತಕ್ಕೆ ಬಂತೇ ಅನ್ನುವ ಭಯ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಬಂದು ನೋಡಿದಾಗ ಅದು ಹಳದಿ ಜ್ವರ ಆಗಿರಲಿಲ್ಲ. ಜಗತ್ತಿಗೆ ಗೊತ್ತೇ ಇಲ್ಲದ ಹೊಸ ವೈರಸ್. ಆ ಕಾಡಿನ ಹೆಸರನ್ನೇ ಕಾಯಿಲೆಗೆ ಇಟ್ಟರು. 2019ರ ಹೊತ್ತಿಗೆ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ಮತ್ತೆ ಜೀವ ತೆಗೆದದ್ದನ್ನು ನಾವೆಲ್ಲ ನೋಡಿದ್ದೇವೆ. ವರ್ಷಗಟ್ಟಲೆ ಕೊಡುತ್ತಿದ್ದ ಲಸಿಕೆ ಪರಿಣಾಮಕಾರಿ ಅಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ಈಗ ಕೈಯಲ್ಲಿರುವುದು ಉಣ್ಣೆ ಕಚ್ಚದ ಹಾಗೆ ಕಾಡಿಗೆ ಹೋಗುವ ಮೊದಲು ಹಚ್ಚಿಕೊಳ್ಳುವ ಡೆಪಾ ಎಣ್ಣೆ, ವಾಪಸ್ ಬಂದ ಮೇಲೆ ಬಿಸಿನೀರಿನ ಸ್ನಾನ, ಸತ್ತ ಮಂಗ ಕಂಡರೆ ಕೂಡಲೇ ತಿಳಿಸುವುದು.

ಈ ಕಾಯಿಲೆಗೆ ಅಂತ ವಿಶ್ವ ದಿನಾಚರಣೆ ಒಂದೂ ಇಲ್ಲ. ಹಾಗಾದರೆ ಮಲೆನಾಡಿನ ಕಾಲೇಜಿನ ಪಟ್ಟಿಯಲ್ಲಿ ಅದು ಎಲ್ಲಿ ಬರಬೇಕು? ನನ್ನ ಪ್ರಕಾರ ನವೆಂಬರ್‌ನಲ್ಲಿ, ಎಲ್ಲಕ್ಕಿಂತ ಮೇಲೆ. ಎಣ್ಣೆ ಬಾಟ್ಲಿ ಮನೆಗೆ ತಲುಪಬೇಕಾದದ್ದು ಮೊದಲ ಮಂಗ ಸಾಯುವ ಮುಂಚೆ.

ನಾನೀಗ ಕೆಲಸ ಮಾಡುವುದು ಬಯಲುಸೀಮೆಯಲ್ಲಿ. ಇಲ್ಲಿ ಬೇರೆ ಲೆಕ್ಕ. ಇಲ್ಲಿಯ ದೊಡ್ಡ ಚಿಂತೆ ಡೆಂಗಿ. ಮೇ 16ನ್ನು ರಾಷ್ಟ್ರೀಯ ಡೆಂಗಿ ದಿನ ಅಂತ ಇಟ್ಟವರು ಯೋಚಿಸಿಯೇ ಇಟ್ಟಿದ್ದಾರೆ, ಮುಂಗಾರಿಗೆ ಮೊದಲು. ಆದರೆ ನಮ್ಮ ಹಳ್ಳಿಗಳಲ್ಲಿ ಸೊಳ್ಳೆ ಬೆಳೆಯುವುದು ಬರೀ ಮಳೆ ನೀರಿನಲ್ಲಲ್ಲ, ನಲ್ಲಿ ನೀರಿನಲ್ಲಿ. ನೀರು ದಿನಾ ಬರುವುದಿಲ್ಲ. ಬಂದಾಗ ಜನ ಡ್ರಮ್ಮು, ಸಿಮೆಂಟ್ ತೊಟ್ಟಿ, ಕೊಳಗ, ಸಿಕ್ಕಿದ್ದರಲ್ಲೆಲ್ಲ ತುಂಬಿಡುತ್ತಾರೆ. ಡೆಂಗಿಯ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಳೆಯಲು ಸುಮಾರು ವಾರ, ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ಉಜ್ಜಿ ಅಂತ ನಾವು ಹೇಳುತ್ತೇವೆ. ‘ನೀರು ಚೆಲ್ಲಿಬಿಟ್ರೆ ನಾಳೆ ನಿಮ್ಮ ಕಾಲೇಜಿಂದ ತಂದು ಕೊಡ್ತೀರಾ?’ ಅಂತ ಒಬ್ಬ ಅಕ್ಕ ಕೇಳಿದರು. ನ್ಯಾಯವಾದ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನೀರುಗಂಟಿಯ ಹತ್ತಿರ. ಯಾವ ಬೀದಿಗೆ ಯಾವ ದಿನ ನೀರು ಬಿಡುತ್ತಾರೆ ಅಂತ ಗೊತ್ತಿರುವುದು ಅವರೊಬ್ಬರಿಗೇ. ಅವರ ಜೊತೆ ಕೂತು ಬೀದಿವಾರು ಪಟ್ಟಿ ಮಾಡಿಕೊಂಡೆವು. ಈಗ ನಮ್ಮ ವಿದ್ಯಾರ್ಥಿಗಳು ಲಾರ್ವಾ (ಸೊಳ್ಳೆ ಮರಿ) ನೋಡಲು ಹೋಗುವುದು ನೀರು ಬರುವ ದಿನದ ಬೆಳಗ್ಗೆ. ಆಗ ತೊಟ್ಟಿಯ ತಳದಲ್ಲಿ ಸ್ವಲ್ಪವೇ ನೀರಿರುತ್ತದೆ. ಚೆಲ್ಲಿ ಉಜ್ಜಿದರೆ ಯಾರಿಗೂ ಬೇಜಾರಿಲ್ಲ, ಸಂಜೆ ಹೊಸ ನೀರು ತುಂಬುತ್ತದೆ. ಮುಂದಿನ ಬೇಸಿಗೆಯ ಕಾರ್ಯಕ್ರಮಗಳ ಪಟ್ಟಿಯಲ್ಲಿ ಡೆಂಗಿ ದಿನ ಒಂದೇ ಸಾಲಾಗಿ ಇರುವುದಿಲ್ಲ. ಬೀದಿಯ ಹೆಸರು, ನೀರಿನ ದಿನ, ಹೋಗುವ ವಿದ್ಯಾರ್ಥಿಗಳ ಗುಂಪು ಅಂತ ಇರುತ್ತದೆ. ನೀರುಗಂಟಿಯನ್ನು ಒಂದು ಸಲ ಕಾಲೇಜಿಗೆ ಕರೆದು ಪಾಠ ಮಾಡಿಸಬೇಕು ಅಂತಲೂ ಕೇಳಿಕೊಂಡಿದ್ದೇನೆ. ಒಪ್ಪಿಗೆ ಸಿಕ್ಕಿದೆ.

ನೀರಿನ ತೊಟ್ಟಿಯ ಮಾತು ಬಂದಾಗ ಒಂದು ಹಳೇ ಸಂಗತಿ ನೆನಪಾಗುತ್ತದೆ. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರೋಪಜೀವಿಯನ್ನು ಕಂಡು, ಅದು ಸೊಳ್ಳೆಯಿಂದ ಹರಡುತ್ತದೆ ಅಂತ ತಿಳಿಯಲು ದಾರಿ ಮಾಡಿದ ರೊನಾಲ್ಡ್ ರಾಸ್, ಅದಕ್ಕೂ ಎಷ್ಟೋ ಮೊದಲು ಬೆಂಗಳೂರಿನಲ್ಲಿ ಸೇನೆಯ ವೈದ್ಯರಾಗಿದ್ದರು. ಬಂಗಲೆಯ ಕಿಟಕಿಯ ಹತ್ತಿರ ಇದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿ ಕಂಡು ಅದನ್ನು ಮಗುಚಿದರು, ಸೊಳ್ಳೆ ಕಡಿಮೆಯಾದವು. ಇನ್ನೂ ಒಂದು: ನಮ್ಮ ಊರುಗಳ ಬಾವಿ, ತೊಟ್ಟಿಗಳಲ್ಲಿ ಬೆಳೆಯುವ ಅನಾಫಿಲಿಸ್ ಸ್ಟೀಫನ್ಸಿ ಅನ್ನುವ ಮಲೇರಿಯಾ ಸೊಳ್ಳೆಯ ಒಂದು ಬಗೆಗೆ ‘ಮೈಸೋರೆನ್ಸಿಸ್’ ಅಂತ ಹೆಸರು. 1937ರಲ್ಲಿ ಸ್ವೀಟ್ ಮತ್ತು ಬಿ. ಎ. ರಾವ್ ಅನ್ನುವವರು ಅದನ್ನು ಗುರುತಿಸಿದರು. ಅದೇ ಜಾತಿಯ ಸೊಳ್ಳೆ 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಕಾಣಿಸಿಕೊಂಡು, ಈಗ ಇಥಿಯೋಪಿಯಾ, ಸುಡಾನ್, ನೈಜೀರಿಯಾ ಅಂತ ಹರಡುತ್ತಿದೆ. ನಮ್ಮ ತೊಟ್ಟಿಗಳ ಬಗ್ಗೆ ನಾವು ಕಲಿತದ್ದು ಅವರಿಗೂ ಬೇಕಾಗುತ್ತದೆ.

ಮಾರ್ಚ್ 24ಕ್ಕೆ ಏನು ಮಾಡಬೇಕು ಅಂತ ನನ್ನ ಮನಸ್ಸಿನಲ್ಲಿ ಸ್ಪಷ್ಟವಾಗಿದೆ. ಜಾಥಾ ಬೆಳಗ್ಗೆ ಒಂಬತ್ತಕ್ಕೆ ಮುಗಿಯಲಿ. ಆಮೇಲೆ ಎಲ್ಲರೂ ನಮ್ಮ ಕೇಂದ್ರದ ಹೊರರೋಗಿ ರಿಜಿಸ್ಟರ್ ಮುಂದೆ ಕೂರೋಣ. ಹಿಂದಿನ ತಿಂಗಳು ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಅಂತ ಬಂದವರು ಯಾರು? ಅವರಲ್ಲಿ ಯಾರ ಕಫ ಪರೀಕ್ಷೆಗೆ ಹೋಯಿತು? ಯಾರು ಕೆಮ್ಮಿನ ಔಷಧ ತೆಗೆದುಕೊಂಡು ಸುಮ್ನೆ ಮನೆಗೆ ಹೋದರು? ತುಮಕೂರಿನ ಹಳ್ಳಿಗಳಲ್ಲಿ ಕೇಳಿದ ಪ್ರಶ್ನೆ ಇದೇ. ಅರವತ್ತು ವರ್ಷ ದಾಟಿದ ಮೇಲೂ ಪ್ರತಿ ಆಸ್ಪತ್ರೆಯೂ ಇದನ್ನು ತನಗೆ ತಾನೇ ಕೇಳಿಕೊಳ್ಳಬೇಕು. ಈಗ ಸೂಕ್ಷ್ಮದರ್ಶಕಕ್ಕಿಂತ ಚುರುಕಾದ ಟ್ರೂನ್ಯಾಟ್ ಯಂತ್ರಗಳಿವೆ. ಕಫ ಯಂತ್ರದವರೆಗೆ ಹೋಗದಿದ್ದರೆ ಯಂತ್ರ ಏನು ಮಾಡೀತು? ಬಿಟ್ಟುಹೋದವರ ಮನೆಗೆ ಅವತ್ತೇ ಮಧ್ಯಾಹ್ನ ಇಬ್ಬಿಬ್ಬರಾಗಿ ಹೋಗೋಣ.

ರೇಬೀಸ್ ದಿನವನ್ನೂ ಹಾಗೇ ಮಾಡಬಹುದು. ನಾಯಿ ಕಚ್ಚಿದ ಗಾಯವನ್ನು ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ, ಸುಣ್ಣ, ಖಾರದ ಪುಡಿ ಹಚ್ಚಬೇಡಿ ಅಂತ ಹೇಳುವುದು ಮುಖ್ಯ. ಅಷ್ಟೇ ಮುಖ್ಯವಾದದ್ದು ಮೊದಲ ಸೂಜಿ ಹಾಕಿಸಿಕೊಂಡು ಹೋದವರು ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ ಬಂದರಾ ಅನ್ನುವುದು. ಕೊನೆಯ ಸೂಜಿಗೆ ಬಹಳ ಜನ ಬರುವುದಿಲ್ಲ. ಕೂಲಿ ತಪ್ಪಿಸಿ, ಬಸ್ಸಿಗೆ ದುಡ್ಡು ಕೊಟ್ಟು ಬರಬೇಕಲ್ಲ. ಅವರ ಇಪ್ಪತ್ತೆಂಟನೇ ದಿನ ಯಾವತ್ತು ಅಂತ ಪ್ರತಿ ತಿಂಗಳ ಕಾರ್ಯಕ್ರಮದ ಹಾಳೆಯ ಜೊತೆ ಆಶಾ ಅಕ್ಕಂದಿರಿಗೆ ಬೇರೆಯಾಗಿ ಕಳಿಸುವುದನ್ನು ಈ ತಿಂಗಳಿಂದ ಶುರು ಮಾಡಿದ್ದೇವೆ.

ಕಾರ್ಯಕ್ರಮದ ಹೊತ್ತಿನ ಬಗ್ಗೆಯೂ ಒಂದು ಮಾತು. ನಮ್ಮ ಶಿಬಿರಗಳು ಹೆಚ್ಚಾಗಿ ಹನ್ನೊಂದು ಗಂಟೆಗೆ ಶುರುವಾಗುತ್ತವೆ. ಕಾಲೇಜಿನ ಬಸ್ಸು ಹೊರಡುವುದು ಹತ್ತಕ್ಕೆ, ಅದಕ್ಕೆ. ಆ ಹೊತ್ತಿಗೆ ಹಳ್ಳಿಯಲ್ಲಿ ದುಡಿಯುವವರು ಯಾರೂ ಇರುವುದಿಲ್ಲ. ಬೆಳಗ್ಗೆ ಆರೂವರೆ ಏಳಕ್ಕೆ ಹಾಲಿನ ಡೈರಿ ಹತ್ತಿರ ಹೋಗಿ ನೋಡಿ, ಇಡೀ ಊರು ಅಲ್ಲಿರುತ್ತದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1973ರಲ್ಲೇ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ ಹಾಲಿನ ಸಹಕಾರ ಸಂಘದ ಜೊತೆ ಸೇರಿ ಆರೋಗ್ಯ ಸಹಕಾರಿ ಕಟ್ಟಿದ್ದರು. ಹಾಲಿನ ಸಂಘದಿಂದಲೇ ಅದಕ್ಕೆ ಹಣ ಬರುತ್ತಿತ್ತು. ಊರಿನವರ ದುಡ್ಡು ಇದ್ದ ಮೇಲೆ ಡಾಕ್ಟರು ಯಾವತ್ತು ಬರಬೇಕು, ಎಷ್ಟು ಹೊತ್ತಿಗೆ ಬರಬೇಕು ಅಂತ ಕೇಳುವ ಹಕ್ಕೂ ಊರಿನವರಿಗೇ ಬಂತು. ನಮ್ಮಲ್ಲಿ ಅಂಥದ್ದು ಇನ್ನೂ ಇಲ್ಲ. ಬಸ್ಸನ್ನು ಬೇಗ ಹೊರಡಿಸುವುದಾದರೂ ನಮ್ಮ ಕೈಯಲ್ಲಿದೆ. ನಮ್ಮ ಡ್ರೈವರ್ ಅಣ್ಣ ‘ಐದೂವರೆಗೆ ರೆಡಿ ಇರ್ತೀನಿ’ ಅಂದಿದ್ದಾರೆ. ವಿದ್ಯಾರ್ಥಿಗಳನ್ನು ಎಬ್ಬಿಸುವುದು ನನ್ನ ಜವಾಬ್ದಾರಿ.

ಎಂಬಿಬಿಎಸ್ ಮಕ್ಕಳು ಈಗ ಓದಿನ ಭಾಗವಾಗಿಯೇ ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಂಡು ವರ್ಷಗಟ್ಟಲೆ ನೋಡಿಕೊಳ್ಳಬೇಕು. ಒಳ್ಳೆಯ ನಿಯಮ. ಆದರೆ ಆ ಮಕ್ಕಳು ಪಾಸಾಗಿ ಹೋಗುತ್ತಾರೆ, ಕುಟುಂಬ ಅಲ್ಲೇ ಇರುತ್ತದೆ. ಹಿರಿಯ ಬ್ಯಾಚಿನವರು ಕಿರಿಯರನ್ನು ಆ ಮನೆಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಬೇಕು ಅಂತ ನಮ್ಮ ನರ್ಸಮ್ಮನೇ ಹೇಳಿದ್ದಾರೆ. ಜನವರಿ ಎರಡನೇ ಭಾನುವಾರ ಅದಕ್ಕೆ ಅಂತ ದಿನ ಇಟ್ಟಿದ್ದೇವೆ. ಅವರು ಅಷ್ಟು ಹೊತ್ತಿಗೆ ನಿವೃತ್ತರಾಗಿರುತ್ತಾರೆ. ಆದರೂ ಬರುತ್ತೇನೆ ಅಂದಿದ್ದಾರೆ.

ಕೊನೆಯದಾಗಿ, ಆ ಖಾಲಿ ಕುರ್ಚಿಯ ವಿಷಯ. ಸಮಾಜ ಕಾರ್ಯಕರ್ತರ ಹುದ್ದೆಗೆ ಡಿಸೆಂಬರ್ ಮೂರನೇ ವಾರ ಸಂದರ್ಶನ ಇದೆ. ಎಂಎಸ್‌ಡಬ್ಲ್ಯೂ (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಮಾಡಿದವರು ಬೇಕು ಅಂತ ಜಾಹೀರಾತಿನಲ್ಲಿ ಬರುತ್ತದೆ. ಅದರಲ್ಲಿ ಬರೆಯಲಾಗದ್ದನ್ನು ನಾನು ಇಲ್ಲಿ ಬರೆಯುತ್ತೇನೆ. ನಮಗೆ ಬೇಕಾದವರು ಫಾರಂ ತುಂಬಿಸುವ ಮೊದಲು ಜಗಲಿಯಲ್ಲಿ ಕೂರಬಲ್ಲವರು. ರೋಗಿ ಮಾತ್ರೆ ಬಿಟ್ಟ ಅಂತ ಡಾಕ್ಟರು ರೇಗಿದಾಗ, ‘ಯಾಕೆ ಬಿಟ್ರು ಅಂತ ಕೇಳಿದ್ರಾ ಸಾರ್?’ ಅಂತ ಹೇಳುವ ಧೈರ್ಯ ಇರುವವರು. ಸಂಬಳ ತುಂಬಾ ಇಲ್ಲ, ತಿರುಗಾಟ ಜಾಸ್ತಿ, ಬಿಸಿಲೂ ಜಾಸ್ತಿ. ವಿಭಾಗದವರು ನಿಮ್ಮ ಮಾತನ್ನು ಕೇಳುತ್ತೇವೆ, ಅದರ ಹೊಣೆ ನನ್ನದು. ಸಂದರ್ಶನದ ಹಿಂದಿನ ದಿನ ಬಂದರೆ ಬೆಳಗ್ಗೆ ಡೈರಿ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಜನ ನಿಮ್ಮನ್ನು ಬೇಕಾದ್ದೆಲ್ಲ ಕೇಳುತ್ತಾರೆ, ನೀವೂ ಅವರನ್ನು ಕೇಳಿ. ಆಮೇಲೆ ಅರ್ಜಿ ಕೊಡಬೇಕೋ ಬೇಡವೋ ಅಂತ ತೀರ್ಮಾನ ಮಾಡಿ.